ಉಳಿದ ಗುಳಿಗೆಗಳು ಎಲ್ಲಿ ಹೋದವು

ಅಂಬಾರಾಯ: ನಿನ್ನ ಉಚ್ಚಿ ಉರಿ ನಿಂತಿತ್ತಲ್ಲ? ನಿಂತ ಮ್ಯಾಲ ಗುಳಿಗಿ ಯಾಕ ಬೇಕು? ಉಳಿದಿದ್ದು ಬಾಜೂಮನಿ ಬೀರಲಿಂಗಗ ಕೊಟ್ಟಬಿಟ್ಟೆ. ಅಂವಗೂ ಉರಿ ಇತ್ತು.

ಲಾಲಮ್ಮ: ನನ್ನ ರೋಗದ ಗುಳಿಗಿ ಪ್ರಸಾದ ಹಂಚಿದಂಗ ಹಂಚಿ ಬಂದಿ. ಭಾಳ ದೊಡ್ಡ ಮನುಷ್ಯಾ.

ಶಹಾಬಾದದ ಫರ್ಸಿ ಕಲ್ಲಿನ ಪಾಲಿಶ್ ಯಾರ್ಡಿನಲ್ಲಿ ಗಂಡ ಕೂಲಿಗಳ ಮೇಲ್ವಿಚಾರಕ, ಅಂದರೆ ಮುಕಾದಮ; ಹೆಂಡತಿ ಕೂಲಿ. ಮೂತ್ರನಾಳದ ಸೋಂಕಿಗೆಂದು ಡಾಕ್ಟರಮ್ಮ ಕರುಣಾ ಬರೆದುಕೊಟ್ಟ ಗುಳಿಗೆಗಳನ್ನು, ಗಂಡನ ಮಾತು ಕೇಳಿ, ಉರಿ ಇಳಿದೊಡನೆ ಲಾಲಮ್ಮ ಬಿಟ್ಟಿದ್ದಳು. ಈಗ ಚಳಿಜ್ವರ ಮರಳಿ, ಬೆನ್ನಿನ ಎಡಮಗ್ಗುಲು ಹಿಡಿದುಕೊಂಡಿತ್ತು. ಕೌದಿಯೊಳಗಿನಿಂದಲೇ ಆಕೆ ಜಗಳಕ್ಕೆ ಕುಳಿತಿದ್ದಳು.

ಅಂಬಾರಾಯ: ಹೆಣ್ಮಕ್ಕಳ ಮೈಯಾಗ ಉಷ್ಣ ಜಾಸ್ತಿ. ಜೀರಗಿ ನೀರು ಕುಡಿ, ಇಳೀತದ.

ಲಾಲಮ್ಮ: ಉಷ್ಣ ಅಲ್ಲ, ಹುಳ. ಕಣ್ಣಿಗಿ ಕಾಣಲಾರದ ಹುಳ ಉಚ್ಚಿ ಹಾದ್ಯಾಗ ಸೇರ್ಯಾವ ಅಂತ ಡಾಕ್ಟರಮ್ಮ ಹೇಳ್ಯಾಳ. ಫರ್ಸಿಗಿ ಒಂದ ಸಲ ಒರಟ ಪಾಲಿಶ್ ಕೊಟ್ಟು ಲಾರಿಗಿ ಏರಿಸ್ತಿಯೇನು? ನುಣುಪಾಗೋ ಹಂಗ ಕಡೀ ಕೈ ಹಾಕ್ತಿ ಇಲ್ಲ? ಗುಳಿಗಿನೂ ಹಂಗ. ಅರ್ಧಕ್ಕ ಬಿಟ್ರ ಸಾಯದೇ ಉಳಿದ ಹುಳ ಮ್ಯಾಲ ಕಿಡ್ನಿಗಿ ಏರ್ತಾವ.

ಅಂಬಾರಾಯ: ನೀರು ಕುಡಿ, ಉಚ್ಚಿ ತಡಕೋಬ್ಯಾಡ ಅಂತಾನೂ ಹೇಳ್ಯಾಳಲ್ಲ. ಕೇಳಿದ್ಯೇನು?

ಲಾಲಮ್ಮ: ಕುಡದು ಎಲ್ಲಿ ಹೋಗಲಿ? ನಿಮಗ ಗಂಡಸರಿಗಿ ಗ್ವಾಡಿ ಕಂಡಲ್ಲೆಲ್ಲಾ ನಡೀತದ. ನಮಗೊಂದು ಸಂಡಾಸ ಕಟ್ಟಸ್ರಿ ಅಂತ ಮಾಲಕನ ಮುಂದ ಬಾಯಿ ಬಿಡಲಿಲ್ಲ ನೀ. ಮಷೀನ ಕೆಳಗ ಕಲ್ಲು ಸುಡಬಾರದಂತ ಹೊತ್ತು ಮುಳುಗೋತನಕ ನೀರು ಬಿಡ್ತಿ. ಹೆಂಡ್ತಿ ಕಲ್ಲಿಗಿಂತ ಕಡಿಮಿ.

ಅಂಬಾರಾಯ ಎದ್ದು ಹಿತ್ತಲಿಗೆ ಹೋದ. ಬಂದು ಕುಳಿತ. ಕುಳಿತಷ್ಟೇ ಬೇಗ ಮತ್ತೆ ಎದ್ದ. ಆ ಅವಸರದ ನಡಿಗೆಯ ಪರಿಚಯ ಉರಿ ಅನುಭವಿಸಿದ್ದ ಲಾಲಮ್ಮನಿಗೆ ಚೆನ್ನಾಗಿಯೇ ಇತ್ತು.

ಲಾಲಮ್ಮ: ಈಗಷ್ಟೇ ಹೋಗಿ ಬಂದ್ಯಲ್ಲ?

ಅಂಬಾರಾಯ: ಹವಾ ತಗೊಳ್ಳಾಕ.

ಲಾಲಮ್ಮ: ಹವಾ ತಗೊಳ್ಳಾಗ ಹಲ್ಲು ಕಚ್ಚತಾರೇನು? ಬೀರಲಿಂಗನ್ನ ಕರಿ, ಗುಳಿಗಿಲೆ ಗುಣ ಆತೇನು ಕೇಳ್ತೀನಿ.

ಅಂಬಾರಾಯ: ಅಂವ ಚಿತ್ತಾಪುರಕ್ಕ ಹೋಗ್ಯಾನ.

ಲಾಲಮ್ಮ: ಹೌದ? ಮತ್ತ ನಮ್ಮ ಕಟ್ಟಿ ಮ್ಯಾಲ ಬೀಡಿ ಸೇದ್ಲಿಕತ್ತಾಂವ ಯಾರು?

ಕಿಟಕಿಯಿಂದ ಬೀಡಿಯ ಹೊಗೆ ನಿಧಾನವಾಗಿ ಒಳಬಂತು. ಅಂಬಾರಾಯ ಕಿಟಕಿ ಮುಚ್ಚಿದ.

ಅಂಬಾರಾಯ: ನಾನೇ ನುಂಗಿದೆ. ಉರಿ ಭಾಳ ಇತ್ತು. ಕಡಿಮಿ ಆಗಿತ್ತು, ಈಗ ತಿರುಗಿ ಸುರು ಆಗ್ಯಾದ.

ಲಾಲಮ್ಮ: ಹೆಣ್ಮಕ್ಕಳ ಉಷ್ಣ ಮುಕಾದಮ ಸಾಹೇಬರಿಗೂ ಏರ್ತು ಅನ್ನು. ಏಳು, ಆಟೋ ತಾ. ಚಳಿಜ್ವರ ಬಂದ್ರ ತಡಾ ಮಾಡಬ್ಯಾಡ ಅಂದಾಳ ಡಾಕ್ಟರಮ್ಮ.

ಅಂಬಾರಾಯ: ದವಾಖಾನ್ಯಾಗ ನನ್ನ ಮಾತು ತೆಗೀಬ್ಯಾಡ. ಯಾರ್ಡಿನಾಗ ಗೊತ್ತಾದ್ರ ತಲಿ ಎತ್ತಾಕ ಆಗಲ್ಲ. ನಿನ್ನ ಹೆಸರಿಲೆ ಇಬ್ಬರಿಗಾಗುವಷ್ಟು ಗುಳಿಗಿ ಬರಸ್ಕೊಂಡು ಬಾ.

ಲಾಲಮ್ಮ: ಬರಸ್ತೀನಿ. ಆದ್ರ ಮೊದಲ ಉಚ್ಚಿ ತಪಾಸ ಮಾಡ್ತಾರ. ನಿನ್ನ ಪಾಲಿಂದೂ ನಾನೇ ಹೊಯ್ಯಬೇಕೇನು?