ಕೊಲೆಗಡುಕ ಕುರಿಗಳು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಇರುವೆಯನ್ನೂ ಹೆದರಿಸಿದವನಲ್ಲ! ಹೊಸದುರ್ಗದ ತನ್ನ ಫೋಟೋ ಸ್ಟುಡಿಯೋದಲ್ಲಿ "ನಗಬ್ಯಾಡ್ರಿ" ಎಂದು ಅವನು ಗದರಿದರೆ ಮದುಮಕ್ಕಳಿಬ್ಬರೂ ಒಟ್ಟಿಗೇ ನಗುತ್ತಿದ್ದರು. ಇಂಥವನು ಎಪ್ಪತ್ತರ ದಶಕದಲ್ಲಿ ಭಯಾನಕ ಸಿನಿಮಾ ತೆಗೆದನೆಂದರೆ ನಂಬುತ್ತೀರಾ? ಅದೂ ನರಭಕ್ಷಕ ಕುರಿಗಳದ್ದು!

"ಹುಲಿ ಕಂಡ್ರೆ ಯಾರಾದ್ರೂ ಕಿರುಚ್ತಾರೆ ಕಣಲೇ ಅಳಿಯ. ಕುರಿ ಕಂಡು ಕಿರುಚಬೇಕು! ಒಬ್ಬರೇ ಒಬ್ಬರು ಕಿರುಚಲಿ, ನಾನು ಗೆದ್ದಂಗೆ" ಎಂದ.

ಹುಲಿ ಸಿಗದವನ ತತ್ವಜ್ಞಾನ! ಕುರಿಗಳು ಸಿಕ್ಕಿದ್ದಾದರೂ ಅವನ ಹೆಂಡತಿಯ, ಅಂದರೆ ನಮ್ಮತ್ತೆಯ, ತವರಿನಿಂದ. ಹಿಂಡಿನ ನಡುವೆಯೇ ನಡೆಯಲು ಕಲಿತವಳು ಅವಳು.

"ನನ್ನ ಕುರಿ ಯಾರಿಗೇನು ಮಾಡಿದ್ವು ಅಂತ ಕೊಲೆಗಡುಕರನ್ನ ಮಾಡ್ತೀರಿ?" ಎಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹಿಂಡು ಹೊಡೆದುಕೊಂಡು ರಾಮಗಿರಿ ಗುಡ್ಡದ ಬುಡಕ್ಕೆ ಬಂದಳು.

ಮೊದಲ ಬಲಿ ನಾನು. "ಅಯ್ಯೋ!" ಎಂದು ಓಡಿದೆ. ಕುರಿಗಳೂ ಓಡಿದವು, ಎದುರು ದಿಕ್ಕಿಗೆ! ರೈಲು ನಿಲ್ದಾಣದ ತನಕ ಓಡಿದವೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿಜಕ್ಕೂ ಓಡಿದವೋ, ವರ್ಷವರ್ಷಕ್ಕೂ ನಾನೇ ಅಷ್ಟಷ್ಟು ದೂರ ಅಟ್ಟಿದೆನೋ, ದೇವರೇ ಬಲ್ಲ.

"ಇವನ್ನ ಕಂಡ್ರೆ ಕುರಿಗೇ ಭಯ ಐತಲ್ರೀ! ಬಿಡ್ರಿ, ನಾನೇ ಸಾಯ್ತೀನಿ. ನನ್ನ ಹಿಂದಾದ್ರೆ ಬರ್ತಾವೆ" ಎಂದಳು ಅತ್ತೆ.

ಬಂದವು! ಅವಳು ಓಡಿದಳು, ಇಡೀ ಹಿಂಡು ಬೆನ್ನಟ್ಟಿತು. ಅವಳು ಬಿದ್ದಳು, ಹಿಂಡು ಮುತ್ತಿತು. ರಕ್ತಕ್ಕೆಂದು ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ ಅವುಗಳ ಬಾಯಿಗೆ ಬಳಿದಿದ್ದೆವು. ಕೊಲೆಗಡುಕರು ಒಬ್ಬರ ಬಾಯಿ ಒಬ್ಬರು ನೆಕ್ಕಿ, ಆಮೇಲೆ ಸತ್ತವಳ ಕೆನ್ನೆ ನೆಕ್ಕತೊಡಗಿದರು.

"ಏಯ್, ನಗಬ್ಯಾಡ! ಸತ್ತಿದೀಯ!"

"ಕಚಗುಳಿ ಆಗ್ತೈತೆ ಕಣ್ರೀ! ನೀವು ಸತ್ತು ನೋಡ್ರಿ, ಗೊತ್ತಾಗ್ತೈತೆ!"

ಪ್ರದರ್ಶನ ಒಂದು ಮಧ್ಯಾಹ್ನ, ಬಾಗಿಲು ಮುಚ್ಚಿದ ಕಡಲೆಕಾಯಿ ಗೋದಾಮಿನಲ್ಲಿ. ಬಿಳಿ ದುಪ್ಪಟಿಯೇ ಪರದೆ. ಚಿತ್ರಕ್ಕೆ ಮಾತಿಲ್ಲ, ಸದ್ದಿಲ್ಲ. ಹಾಗಾಗಿ ಮಾವ ದುಪ್ಪಟಿಯ ಹಿಂದೆ ನಿಂತು, ಗಡಿಗೆಯೊಳಗೆ ಬಾಯಿಟ್ಟು "ಗುರ್ರ್" ಎನ್ನುತ್ತಿದ್ದ. ಯಂತ್ರ ತಿರುಗಿಸುತ್ತಿದ್ದವನು ನಾನು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಆ ಟಗರಿಗೊಂದು ಮದುವೆ ಮಾಡ್ರಲೇ!" ಎಂದು ಯಾರೋ ಕೂಗಿದರು. ಗಡಿಗೆಯ ಗುರ್ರ್ ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು.

ಆಗ ಕೇಳಿತು ಒಂದು ಕಿರುಚಾಟ! "ಅಯ್ಯಯ್ಯಪ್ಪೋ! ಬಂದ್ವಲ್ರಪ್ಪೋ!" ನಗುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು.

ಕಾಲಿನ ಹತ್ತಿರ ಚೇಳು ಹರಿದಿತ್ತು ಎಂದು ನಮ್ಮಕ್ಕ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಆದರೆ ಕಿರುಚಿದ ಅತ್ತೆ ನನ್ನ ಮೊಣಕೈಯ ಪಕ್ಕದಲ್ಲೇ ಕುಳಿತಿದ್ದಳು. ಅವಳು ನೆಲವನ್ನೂ ನೋಡುತ್ತಿರಲಿಲ್ಲ, ಕುರಿಗಳನ್ನೂ ನೋಡುತ್ತಿರಲಿಲ್ಲ. ದುಪ್ಪಟಿಯ ಕೆಳಗೆ ಕಾಣುತ್ತಿದ್ದ ಮಾವನ ಪಾದಗಳನ್ನು ನೋಡುತ್ತಿದ್ದಳು. ಹಿಂಬಾಗಿಲ ಕಡೆ ಹೊರಟಿದ್ದ ಆ ಪಾದಗಳು ತಡೆದವು. ಮೆಲ್ಲಗೆ ಈ ಕಡೆ ತಿರುಗಿದವು. ಗಡಿಗೆಯೊಳಗಿಂದ ಮತ್ತೆ "ಗುರ್ರ್" ಬಂತು.

ಅತ್ತೆ ಸೆರಗು ಸರಿಮಾಡಿಕೊಂಡು, ಉಸಿರು ತುಂಬಿಕೊಂಡು, ಇನ್ನೊಮ್ಮೆ ಕಿರುಚಿದಳು.