ನಾನು ಶಿಫಾರಸು ಮಾಡಿದ ಕಡಲು

ಬರೆಯುವುದಕ್ಕಿಂತ ಬರೆಯಲು ಸಿದ್ಧನಾಗುವುದರಲ್ಲೇ ನನಗೆ ಹೆಚ್ಚು ಸುಖ. ಪೆನ್ನು ತೊಳೆದು, ಮಸಿ ತುಂಬಿ, ಹಾಳೆಗೆ ಮಾರ್ಜಿನ್ ಎಳೆದು ಕಿಟಕಿಯಾಚೆ ನೋಡುತ್ತ ಕೂತರೆ ಲೇಖನ ಮುಗಿದೇಹೋದಂಥ ತೃಪ್ತಿ. ಇಂಥವನಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಇಂಟರ್ನೆಟ್ ಸಿಕ್ಕಿತು. ನಾನಾಗ ಹರಿಹರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಭಾನುವಾರ ಊಟ ಮುಗಿಸಿ ದಾವಣಗೆರೆಯ ಬಸ್ಸು ಹತ್ತಿ, ಅಲ್ಲಿನ ನಿಟ್ಟುವಳ್ಳಿ ಬಡಾವಣೆಯಲ್ಲಿ ಮಹಡಿಯ ಮೇಲಿದ್ದ ಇಂಟರ್ನೆಟ್ ಸೆಂಟರಿನಲ್ಲಿ ಕೂರುತ್ತಿದ್ದೆ. ಮನೆಯಲ್ಲಿ ಇದಕ್ಕೆ ಸಾಹಿತ್ಯದ ಕೆಲಸ ಎಂದು ಹೆಸರಿಟ್ಟಿದ್ದೆ. ಹೆಂಡತಿ ಗಿರಿಜೆ, "ಹೋಗಿಬರ್ರಿ, ಇಲ್ಲಿದ್ರೂ ನಿದ್ದೀನೇ ಮಾಡ್ತೀರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ಪರದೆಯ ಮೇಲೆ ಒಂದು ಬೆಟ್ಟದ ಚಿತ್ರ ಬರಬೇಕೆಂದರೆ ಮೊದಲು ಆಕಾಶ ಇಳಿಯುತ್ತಿತ್ತು, ಆಮೇಲೆ ನಿಧಾನವಾಗಿ ಬೆಟ್ಟದ ತುದಿ. ಬುಡ ಕಾಣುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅದನ್ನು ಹತ್ತಿ, ಇಳಿದು, ಆಚೆ ಕಣಿವೆಯಲ್ಲಿ ಒಂದು ಮನೆಯನ್ನೂ ಕಟ್ಟಿಕೊಂಡಿರುತ್ತಿದ್ದೆ. ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡಿಸುವ ತಂತ್ರಾಂಶವೂ ಅಲ್ಲಿತ್ತು. ಅದರಲ್ಲಿ ‘ಮೋಡಗಳ ಸಹವಾಸ’ ಎಂದು ಶೀರ್ಷಿಕೆ ಹೊಡೆದು, ಅದನ್ನು ದಪ್ಪ ಮಾಡಿ, ಓರೆ ಮಾಡಿ, ನೀಲಿ ಮಾಡಿ ಮೂರು ಭಾನುವಾರ ಕಳೆದೆ. ಲೇಖನ ಶೀರ್ಷಿಕೆಯಿಂದ ಕೆಳಗೆ ಇಳಿಯಲಿಲ್ಲ. ಸೋಮವಾರ ಸ್ಟಾಫ್‌ರೂಮಿನಲ್ಲಿ ಮಾತ್ರ ನಾನೇ ಪಂಡಿತ. ಪದಗಳ ಅರ್ಥಕ್ಕೆ ಈ ನಿಘಂಟಿನ ಸೈಟು, ದಿನವೂ ಬರೆಯುವ ಅಭ್ಯಾಸಕ್ಕೆ ಈ ಸೈಟು, ಬೇಸರವಾದರೆ ಚದುರಂಗದ್ದು ಎಂದು ವಿಳಾಸದ ಚೀಟಿ ಬರೆದು ಹಂಚುತ್ತಿದ್ದೆ. ತೆಗೆದುಕೊಂಡವರಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಅದರಿಂದ ನನ್ನ ಉತ್ಸಾಹಕ್ಕೇನೂ ಕುಂದಾಗಲಿಲ್ಲ.

ಒಂದು ದಿನ ಗಣಿತದ ರುದ್ರಪ್ಪ ಮೇಷ್ಟ್ರು ಹತ್ತಿರ ಬಂದರು. ಕುಕ್ಕುವಾಡದ ಒಕ್ಕಲುತನದ ಮನೆಯವರು, ಮಾತು ಕಡಿಮೆ. "ನಾನು ಸಮುದ್ರ ನೋಡಿಲ್ಲ ಸರ್. ಅದಕ್ಕೇನಾರ ಐತಾ ನಿಮ್ಮತ್ರ ಚೀಟಿ?" ಎಂದರು. ಪರದೇಶದ ಕಡಲ ತೀರದಲ್ಲಿ ಕ್ಯಾಮೆರಾ ನೆಟ್ಟು, ಐದೈದು ನಿಮಿಷಕ್ಕೊಂದು ಫೋಟೊ ತೋರಿಸುವ ಸೈಟೊಂದರ ವಿಳಾಸ ನನ್ನಲ್ಲಿತ್ತು. ನಾನದನ್ನು ತೆರೆದು ನೋಡಿರಲಿಲ್ಲ. ಆದರೂ "ಕಣ್ತುಂಬ ನೋಡಬಹುದು" ಎಂದು ಮಾತು ಕೊಟ್ಟೆ.

ಭಾನುವಾರ ಇಬ್ಬರೂ ಹೋದೆವು. ಪಕ್ಕಪಕ್ಕದ ಕುರ್ಚಿ ಹಿಡಿದು, ಅವರಿಗೆ ಸೈಟು ತೆರೆದುಕೊಟ್ಟು ನಾನು ನನ್ನ ಶೀರ್ಷಿಕೆಗೆ ಮರಳಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು, "ಸರ್, ಬರೀ ಕರ್ರಗೈತೆ" ಎಂದರು. ಬಗ್ಗಿ ನೋಡಿದೆ. ಅಲ್ಲಿ ಆಗ ರಾತ್ರಿ ಎಂಬುದು ಆಗಲೇ ಹೊಳೆದದ್ದು. ಬಸ್ಸಿನಲ್ಲಿ ಅಷ್ಟು ದೂರ ಕರೆತಂದು ಕತ್ತಲೆ ತೋರಿಸಿದೆನಲ್ಲ ಎಂದು ಮುಖ ಸಣ್ಣದಾಯಿತು.

"ಬೇರೆ ಸೈಟು ಹಾಕಿಕೊಡ್ಲಾ?"

"ಬ್ಯಾಡ ಬಿಡ್ರಿ. ಅಲ್ಲೂ ಬೆಳಕು ಹರೀಲೇಬೇಕಲ್ಲ."

ಅವರು ಮಂಡಿಯ ಮೇಲೆ ಕೈಯಿಟ್ಟು ಕಾಯುತ್ತ ಕೂತರು. ನಾನು ಅಕ್ಷರಗಳನ್ನು ಹಸಿರು ಮಾಡುತ್ತ ಮಾಡುತ್ತ ತೂಕಡಿಸಿದೆ. ಸಂಜೆಯ ಹೊತ್ತಿಗೆ ಭುಜ ಮುಟ್ಟಿದರು. "ಏಳ್ರಿ ಸರ್, ಬೆಳಗಾತು."

ಪರದೆಯಲ್ಲಿ ಬೂದು ಬಣ್ಣದ ಒಂದು ಗೆರೆ. ಮುಂದಿನ ಫೋಟೊದಲ್ಲಿ ನಾಯಿ ಹಿಡಿದುಕೊಂಡು ನಡೆಯುವ ಒಬ್ಬ ಹೆಂಗಸು. ಅದರ ಮುಂದಿನದರಲ್ಲಿ ಅವಳಿಲ್ಲ, ನೀರೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

"ಇದು ಎಷ್ಟು ಅಗಲ ಇರಬಹುದ್ರಿ?" ಎಂದರು ರುದ್ರಪ್ಪ.

ಕಡಲನ್ನು ನೂರು ಸಲ ಉಪಮೆಗೆ ಬಳಸಿಕೊಂಡವನು ನಾನು. "ಗೊತ್ತಿಲ್ಲ" ಎಂದೆ.

"ಗೊತ್ತಾಗಬಾರ್ದು ಬಿಡ್ರಿ" ಎಂದರು ಲೆಕ್ಕದ ಮೇಷ್ಟ್ರು.

ಶಾಲೆಯ ವಾರ್ಷಿಕ ಸಂಚಿಕೆಯ ಮೊದಲ ಪುಟ ಪ್ರತಿವರ್ಷವೂ ನನ್ನದು. ಆ ಸಲ ಹೆಡ್‌ಮೇಡಂ ಲೇಖನ ಕೇಳಿದಾಗ, ಅಕ್ಷರದ ಬಣ್ಣ ಇನ್ನೂ ನಿರ್ಧಾರವಾಗಿಲ್ಲವೆಂದೆ. ಅದೇ ದಿನ ರುದ್ರಪ್ಪ ಚೌಕಳಿ ಹಾಳೆಯಲ್ಲಿ ಬರೆದ ನಾಲ್ಕು ಪುಟಗಳನ್ನು ಅವರ ಮೇಜಿನ ಮೇಲಿಟ್ಟು ಹೋದರು. ಮೇಡಂ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲನೇ ಪುಟಕ್ಕೆ ಇದಿರ್ಲಿ. ನೀವು ತಪ್ಪೇನಾರ ಇದ್ರೆ ತಿದ್ದಿಕೊಡ್ರಿ" ಎಂದರು.

ಮನೆಗೆ ತಂದು ಓದಿದೆ. ಕತ್ತಲೆ ನೋಡುತ್ತ ಕೂತ ಎರಡು ಗಂಟೆಯನ್ನೇ ಅವರು ಎರಡು ಪುಟ ಬರೆದಿದ್ದರು. ಆ ಹೆಂಗಸು ಮನೆಗೆ ಹೋಗಿ ಮೊದಲು ನಾಯಿಗೆ ಹಾಲಿಟ್ಟಿರಬಹುದೇ ಎಂದು ಯೋಚಿಸಿದ್ದರು. ನಾನು ತೂಕಡಿಸಿದ್ದನ್ನು ಮಾತ್ರ ಬರೆದಿರಲಿಲ್ಲ. ಎರಡನೆಯ ಸಲ ಓದುವಾಗ ಕೈಯಲ್ಲಿ ಕೆಂಪು ಪೆನ್ನಿರುವುದೇ ಮರೆತುಹೋಯಿತು. ಮೂರನೆಯ ಸಲ ನೆನಪಿಟ್ಟುಕೊಂಡು ಹುಡುಕಿದೆ. ‘ಅಷ್ಟು ನೀರು ನೋಡಿ ಬಯವಾಯಿತು’ ಎಂಬಲ್ಲಿ ಒಂದು ಮಹಾಪ್ರಾಣ ತಪ್ಪಿತ್ತು. ಅದಕ್ಕೆ ಅಗತ್ಯಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಸುತ್ತು ಹಾಕಿದೆ.