ಮಂಗಳ ಗ್ರಹವೂ ನಮ್ಮ ಮನೆಯ ಹೆಪ್ಪೂ

ಕೋಪ ಮಾಡಿಕೊಳ್ಳುವುದಾದರೂ ಕ್ರಮಬದ್ಧವಾಗಿ ಮಾಡಿಕೊಳ್ಳಬೇಕು ಎಂಬುದು ನನ್ನ ನಿಲುವು: ಮೊದಲು ಕಾರಣ, ಅನಂತರ ಬೈಗುಳ. ಮೈಸೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಈ ಕ್ರಮವನ್ನು ತಪ್ಪಿದವಳಲ್ಲ. ಆದ್ದರಿಂದ ಕಾರಣವನ್ನು ಮೊದಲು ಹೇಳುತ್ತೇನೆ. ನನ್ನ ಯಜಮಾನರು ಭೂವಿಜ್ಞಾನಿಗಳು. ಆದರೆ ಭೂಮಿಯ ಮೇಲೆ ಅವರಿಗೆ ಅಂಥ ಆಸಕ್ತಿಯೇನೂ ಇಲ್ಲ. ಅವರಿಗೆ ಬೇಕಾದದ್ದು ಮಂಗಳ ಗ್ರಹ. ಅಲ್ಲಿ ನೌಕೆಯನ್ನು ಇಳಿಸುವ ಸಿದ್ಧತೆ ನಡೆದಿದೆಯಂತೆ. ತಾವೇ ಹೋಗಲಾಗದ್ದರಿಂದ, ಅದರಂತೆಯೇ ಒಣಗಿ ಕೊರಡಾದ ದಕ್ಷಿಣ ಧ್ರುವದ ಕಣಿವೆಗಳಿಗೆ ಹೋಗಿ, ಆ ಮಣ್ಣಿನಲ್ಲಿ ಯಾವ ಜೀವಿಯಾದರೂ ಬದುಕೀತೇ ಎಂದು ಹುಡುಕುತ್ತಾರೆ. ನಾವೀಗ ನೆಲೆಸಿರುವ ಈ ಪರದೇಶದ ಊರು ಲೊಂಬಾರ್ಡಿನ ಜನವರಿಯ ಚಳಿ ಅವರಿಗೆ ಸಾಲದು.

ಈ ಸಲ ತಂದ ಮಣ್ಣನ್ನು, ಪ್ರಯೋಗಾಲಯದ ಫ್ರೀಜರ್ ಕೆಟ್ಟಿದೆಯೆಂದು, ನೇರವಾಗಿ ನನ್ನ ಅಡುಗೆಮನೆಗೇ ತಂದರು. ನಾನು ಅಂಗಡಿಗೆ ಹೋಗಿದ್ದಾಗ, ಅದಕ್ಕೆ ನಮ್ಮ ಮನೆಯ ಕ್ರಿಮಿ ಸೋಕಬಾರದೆಂದು, ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿ ಸ್ಪಿರಿಟ್ ಹಾಕಿ ಒರೆಸಿಟ್ಟರು. ಬಂದು ನೋಡಿದರೆ ನನ್ನ ಬಟ್ಟಲು ಸಿಂಕಿನಲ್ಲಿ ಬೋರಲಾಗಿದೆ. “ರೀ, ಹೆಪ್ಪೆಲ್ಲಿ?” ಎಂದೆ. “ಆ ಹಳೇ ಮೊಸರಾ? ಚೆಲ್ಲಿದೆ ಕಣೇ. ಅದರ ತುಂಬ ಬ್ಯಾಕ್ಟೀರಿಯಾ!” ಎಂದರು.

ಆ ಹೆಪ್ಪು ನನ್ನ ತವರಿನದು. ಮೊಸರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದ ಬಟ್ಟೆಯ ಚೂರಾಗಿ ಸಮುದ್ರ ದಾಟಿ, ಇಲ್ಲಿಯ ಹಾಲಿನಲ್ಲಿ ಮತ್ತೆ ಜೀವ ತಳೆದದ್ದು. ಅಮ್ಮ ಹೋದ ಮೇಲೆ ಆ ಮನೆಯದೆಂದು ನನಗೆ ಉಳಿದಿದ್ದ ರುಚಿ ಅದೊಂದೇ. “ಒಣಗಿದ್ದರಲ್ಲಿ ಜೀವ ಇರತ್ತಾ ಅಂತ ಭೂಮಿ ತುದಿಗೆ ಹೋಗ್ತೀರಿ. ಮನೇಲೇ ಇತ್ತಲ್ರೀ! ಸಿಂಕಿಗೆ ಸುರಿದ್ರಲ್ಲ!” ಎಂದು ಕೂಗಿದೆ. ಅವರು ಕ್ಷಣ ಯೋಚಿಸಿ, “ಹೌದಲ್ವೇನೇ! ಆ ಬಟ್ಟೆ ಇನ್ನೂ ಇದ್ಯಾ? ಒಂದು ಪೀಸ್ ಲ್ಯಾಬಿಗೆ ಕೊಡ್ತೀಯಾ?” ಎಂದರು. ಆಗ ನಾನು ಆಡಿದ ಮಾತುಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅವರಿಗೆ ಸಾಲದೆಂದು ಪಕ್ಕದೂರು ವೆಸ್ಟ್‌ಮಂಟಿನ ಗೆಳತಿ ಸರೋಜಮ್ಮನಿಗೂ ಫೋನಿನಲ್ಲಿ ಹೇಳಿಕೊಂಡೆ.

ಬಟ್ಟೆಯೇನೋ ಇತ್ತು; ಕೊನೆಯ ಚೂರು, ರೇಷ್ಮೆ ಸೀರೆಯ ಮಡಿಕೆಯಲ್ಲಿ. ಹಾಲು ಕಾಯಿಸಿದೆ. ಅವರು ಬಾಗಿಲಲ್ಲಿ ನಿಂತು, “ಸ್ವಲ್ಪ ಆರಲಿ ಕಣೇ” ಎಂದರು. ಹೆಪ್ಪು ಹಾಕುವುದನ್ನು ನನಗೆ ಕಲಿಸಲು ಬಂದರಲ್ಲ ಎಂಬ ಸಿಟ್ಟಿಗೆ, ಕುದಿಯುವ ಹಾಲಿಗೇ ಬಟ್ಟೆಯನ್ನು ಹಾಕಿ ಮುಚ್ಚಳ ಬಡಿದೆ. ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಅವರು ಇಣುಕಿ ನೋಡಿ ಮೆಲ್ಲಗೆ ಮುಚ್ಚಳ ಮುಚ್ಚಿದರು. ಅದಕ್ಕೂ ಕೋಪ ಬಂತು.

ಸಂಜೆ ಬಟ್ಟಲು ಹಿಡಿದು ಸರೋಜಮ್ಮನ ಮನೆಗೆ ಹೋದೆ. ಅವರು ತಮ್ಮ ಮೊಸರಿನಿಂದ ಒಂದು ಚಮಚ ಹಾಕುತ್ತ, “ಅಲ್ರೀ, ಅಮ್ಮನ ಮನೆ ಹೆಪ್ಪನ್ನ ನಿಮ್ಮ ಯಜಮಾನ್ರು ನಿಜವಾಗ್ಲೂ ಸಿಂಕಿಗೆ ಚೆಲ್ಲಿಬಿಟ್ರಾ?” ಎಂದು ಕೇಳಿದರು.

“ಚೆಲ್ಲಿಬಿಟ್ರು” ಎಂದೆ. ಕೇಳಿದಷ್ಟಕ್ಕೇ ಉತ್ತರ ಕೊಡಬೇಕೆಂದು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವಳು ನಾನು.